ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ನಾವಲ್ಲ

ಇಲ್ಲಿ ಬರೆಯುವ ಗೆಳೆಯರಿಗೆಲ್ಲ ಗೊತ್ತಿರುವ ಒಂದು ಫೋಟೊ ಇದೆ. ಹನ್ನೆರಡೋ ಹದಿನೈದೋ ಮಕ್ಕಳು, ಕೈಯಲ್ಲಿ ಹೊಸ ಪೊರಕೆ, ಹಿಂದೆ ಫ್ಲೆಕ್ಸು, ನಡುವೆ ಮುಖ್ಯ ಶಿಕ್ಷಕರು, ಅವರ ಪಕ್ಕ ಪಂಚಾಯಿತಿ ಅಧ್ಯಕ್ಷರು. ಒಂದೆರಡು ಪೊರಕೆಗೆ ಅಂಗಡಿಯ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಗಾಂಧಿ ಜಯಂತಿಯ ದಿನ ತಾಲ್ಲೂಕಿನ ಶಾಲೆಗಳಿಂದ ಇಂಥ ಏಳೆಂಟು ಫೋಟೊಗಳು ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತವೆ, ಜೊತೆಗೊಂದು ಪ್ರೆಸ್‌ನೋಟು. ಐದು ಸಾಲು ಟೈಪ್ ಮಾಡಿ ಕಳಿಸುತ್ತೇವೆ, ಮೂರು ಸಾಲು ಪ್ರಿಂಟಾಗುತ್ತದೆ. ಶಾಲೆಯವರಿಗೂ ಖುಷಿ, ಅಧ್ಯಕ್ಷರಿಗೂ ಖುಷಿ. ಒಂದು ವಾರ ಬಿಟ್ಟು ಆ ಬೀದಿ ಹೇಗಿದೆ ಎಂದು ಹೋಗಿ ನೋಡಿದವರು ನಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಬಹುದು. ನಾವಂತೂ ಎತ್ತುವುದಿಲ್ಲ.

ಆ ಫೋಟೊದ ಮೂರು ಕಡೆಯೂ ನಾವು ನಿಂತದ್ದುಂಟು. ಮೊದಲು ಆ ಬೀದಿಯವರಾಗಿ, ಆಮೇಲೆ ಪೊರಕೆ ಹಿಡಿದವರಾಗಿ, ಈಗ ಸುದ್ದಿ ಕಳಿಸುವವರಾಗಿ. ಸುದ್ದಿಯಲ್ಲಿ ‘ನಾನು’ ಬರಬಾರದು ಎಂದು ಡಿಪ್ಲೊಮಾದಲ್ಲಿ ಹೇಳಿಕೊಟ್ಟರು. ಆ ಅಭ್ಯಾಸ ಹೋಗಿಲ್ಲ, ಅದಕ್ಕೇ ಇಲ್ಲೂ ‘ನಾವು’. ಹಾಗೆ ಬರೆದರೆ ತಪ್ಪು ನಾಲ್ಕು ಜನರಿಗೆ ಹಂಚಿಹೋಗುತ್ತದೆ ಎನ್ನುವ ಅನುಕೂಲವೂ ಇದೆ. ಆದರೆ ಮುಂದೆ ಹೇಳುವ ತಪ್ಪು ಒಬ್ಬರದೇ ಎಂದು ಓದಿಕೊಳ್ಳಿ.

ನಮ್ಮದು ಹಾಸನ ಜಿಲ್ಲೆ. ಜಿಲ್ಲೆಯಲ್ಲಿ ಚರ್ಚ್ ಅಂದರೆ ಹೊರಗಿನವರಿಗೆ ನೆನಪಾಗುವುದು ಶೆಟ್ಟಿಹಳ್ಳಿಯದು, ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ಅರ್ಧ ನಿಂತಿರುವ, ರೀಲ್ಸ್ ಮಾಡುವವರ ಪ್ರೀತಿಯ ಪಾಳು ಗೋಡೆಗಳು. ನಮಗೆ ಮಾತ್ರ ಚರ್ಚ್ ಅಂದರೆ ತಾಲ್ಲೂಕು ಪೇಟೆಯಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆ. ಶಾಲೆಯ ಹೆಸರು ಬೇಡ. ಈಗಾಗಲೇ ಒಂದು ಸಲ ನಮ್ಮಿಂದ ಅದರ ಹೆಸರು ಪೇಪರಿನಲ್ಲಿ ಬಂದಿದ್ದು ಸಾಕಾಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಆ ಶಾಲೆಯ ಮಕ್ಕಳು ತಿಂಗಳಿಗೊಂದು ಶನಿವಾರ ಮೆಟಡಾರ್ ವ್ಯಾನಿನಲ್ಲಿ ನಮ್ಮ ಕಾಲೊನಿಗೆ ಬರುತ್ತಿದ್ದರು. ಶನಿವಾರ ಅರ್ಧ ದಿನ ಶಾಲೆ, ಹನ್ನೊಂದೂವರೆಗೆ ಬಿಟ್ಟರೆ ಹನ್ನೆರಡಕ್ಕೆಲ್ಲ ಇಲ್ಲಿರುತ್ತಿದ್ದರು. ಬಿಳೀ ಷೂ, ಬಿಳೀ ಸಾಕ್ಸು. ನಮ್ಮನ್ನು ಸಾಲಾಗಿ ಕೂರಿಸಿ ಕೈ ತೊಳೆಯುವುದು ಹೇಗೆಂದು ತೋರಿಸುತ್ತಿದ್ದರು. ಒಂದು ಬನ್ನು, ಒಂದು ಸೋಪು ಕೊಡುತ್ತಿದ್ದರು. ಬೀದಿ ಗುಡಿಸುತ್ತಿದ್ದರು.

ಈ ಗುಡಿಸುವುದರ ವಿಚಾರ ಸ್ವಲ್ಪ ಹೇಳಬೇಕು. ಶುಕ್ರವಾರ ಸಂಜೆ ಕೂಲಿಯಿಂದ ಬಂದ ನಮ್ಮವ್ವ, ಪಕ್ಕದ ಮನೆಯ ದೊಡ್ಡವ್ವ, ಎದುರು ಮನೆಯವರು ಎಲ್ಲ ಸೇರಿ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ಗುಡಿಸಿ, ನೀರು ಚಿಮುಕಿಸಿ, ಮನೆ ಮುಂದೆ ಸಾರಿಸುತ್ತಿದ್ದರು. ಯಾಕೆಂದರೆ ನಾಳೆ ಕಾನ್ವೆಂಟ್ ಮಕ್ಕಳು ಬೀದಿ ಗುಡಿಸೋಕೆ ಬರುತ್ತಾರೆ. ಗಲೀಜಿದ್ದರೆ ನೋಡಿದವರು ಏನಂದುಕೊಂಡಾರು? ಹೀಗೆ ಗುಡಿಸಿದ ಬೀದಿಯನ್ನೇ ಆ ಮಕ್ಕಳು ಮತ್ತೆ ಗುಡಿಸಿ ಹೋಗುತ್ತಿದ್ದರು. ಅವರಿಗೆ ಕಸವೇ ಸಿಗುತ್ತಿರಲಿಲ್ಲ. ಪಾಪ, ಬೇಲಿ ಸಂದಿಯಿಂದ ಒಣಗಿದ ಎಲೆ ಎಳೆದು ಗುಡ್ಡೆ ಹಾಕುತ್ತಿದ್ದರು.

2001ರಲ್ಲಿ ಎಂಟನೇ ಕ್ಲಾಸಿಗೆ ಅದೇ ಶಾಲೆಯಲ್ಲಿ ಫೀಸಿಲ್ಲದೆ ಸೀಟು ಸಿಕ್ಕಿತು. ಕಾನ್ವೆಂಟ್ ಅಂದ ಕೂಡಲೇ ಇಂಗ್ಲಿಷ್ ಅಂದುಕೊಳ್ಳಬೇಡಿ, ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಸೆಕ್ಷನ್ನೂ ಇತ್ತು. ಆ ವರ್ಷದ ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ಒಂದು ಶನಿವಾರ ನಮ್ಮನ್ನೂ ವ್ಯಾನಿಗೆ ಹತ್ತಿಸಿದರು. ಎಲ್ಲಿಗೆ ಎಂದು ಹೇಳಿರಲಿಲ್ಲ. ಕೆರೆ ಏರಿ ಇಳಿದು ವ್ಯಾನು ಎಡಕ್ಕೆ ತಿರುಗಿದಾಗ ಗೊತ್ತಾಯಿತು. ಸೋಪಿನ ಡಬ್ಬ ನಮ್ಮ ಕೈಲಿತ್ತು. ಸಾಲಿನಲ್ಲಿ ಆರನೆಯವರಾಗಿ ನಮ್ಮವ್ವ ನಿಂತಿದ್ದಳು.

ಅವ್ವ ತಲೆ ಮೇಲೆ ಸೆರಗು ಹೊದ್ದು, ಎರಡೂ ಕೈ ಚಾಚಿ, ಬೇರೆಯವರ ಕೈಯಿಂದ ತಗೊಂಡ ಹಾಗೆಯೇ ತಗೊಂಡಳು. ಪರಿಚಯ ತೋರಿಸಿದರೆ ಮಗನಿಗೆ ಅವಮಾನ ಆದೀತು ಎಂದುಕೊಂಡಳೋ ಏನೋ. ರಾತ್ರಿ ಮುದ್ದೆ ತಿರುವುವಾಗ ಹೇಳಿದಳು: ‘ಸೋಪು ಚೆನ್ನಾಗೈತೆ. ನಾವೇನ್ ಸೋಪಿಲ್ದೆ ಕುಂತಿಲ್ಲ ಕಣ್ ಮಗ. ಎರಡು ವರ್ಷದಿಂದ ರೇಷನ್ ಕಾರ್ಡಿಗೆ ಅಲಿತಾ ಇವ್ನಿ. ನಿಮ್ ಸಿಸ್ಟರಿಗೆ ಕೇಳು, ಅದೇನಾದ್ರೂ ಆಯ್ತದಾ ಅಂತ.’

ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರ್ ಮಂಗಳೂರು ಕಡೆಯವರು. ಸಿಟ್ಟು ಬಂದಾಗ ‘ಎಂತದಾ’ ಅನ್ನೋರು, ಖುಷಿಯಾದಾಗಲೂ ‘ಎಂತದಾ’ ಅನ್ನೋರು. ಅವ್ವನ ಮಾತನ್ನು ಅವರಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಕೇಳಿ ಸುಮ್ಮನಾದರು. ಬಯ್ಯುತ್ತಾರೆ ಎಂದು ಕಾಯುತ್ತಿದ್ದೆವು. ಮುಂದಿನ ಶನಿವಾರ ವ್ಯಾನಿನಲ್ಲಿ ಸೋಪಿನ ಡಬ್ಬ ಇರಲಿಲ್ಲ. ಇಬ್ಬಿಬ್ಬರಿಗೆ ಒಂದೊಂದು ನೂರು ಪೇಜಿನ ನೋಟ್‌ಬುಕ್ಕು, ಐದೈದು ಮನೆ. ಪ್ರತಿ ಪುಟದಲ್ಲೂ ಸ್ಕೇಲ್ ಹಿಡಿದು ನಾಲ್ಕು ಕಾಲಂ ಎಳೆಸಿದ್ದರು: ಯಾರು, ಏನು ಬೇಕು, ಯಾವ ಕಚೇರಿ, ಏನಾಯಿತು.

ಮೊದಲ ಮೂರು ಕಾಲಂ ಒಂದೇ ಶನಿವಾರ ತುಂಬಿದವು. ನಾಲ್ಕನೆಯದು ತುಂಬಲು ನಮಗೆ ಹತ್ತನೇ ಕ್ಲಾಸಿನವರೆಗೆ ಹಿಡಿಯಿತು, ಅದೂ ಎಲ್ಲ ಪುಟದಲ್ಲಿ ಅಲ್ಲ. ಅವ್ವನ ರೇಷನ್ ಕಾರ್ಡು ಎರಡು ಸಲ ವಾಪಸ್ ಬಂತು. ಒಂದು ಸಲ ಅಪ್ಪನ ಹೆಸರು ತಪ್ಪು, ಇನ್ನೊಂದು ಸಲ ಮನೆ ನಂಬರೇ ಇಲ್ಲ ಅಂತ. ಮನೆ ನಂಬರಿಗೆ ಪಂಚಾಯಿತಿಗೆ ಹೋದರೆ ಸೆಕ್ರೆಟರಿ ಸಿಗುವುದು ಸಂತೆ ದಿನ ಮಾತ್ರ. ಆಮೇಲೆ ‘ಸ್ಥಳೀಯ ಸರ್ಕಾರಗಳು’ ಪಾಠ ಬಂದಾಗ ಪುಸ್ತಕ ತೆರೆಯುವ ಮೊದಲೇ ಪಾಠದ ಅರ್ಧ ನಮಗೆ ಬರುತ್ತಿತ್ತು. ಗ್ರಾಮಸಭೆ ಅಂತ ಒಂದು ಇರಬೇಕು, ನಮ್ಮೂರಲ್ಲಿ ಅದು ಸಹಿಯಲ್ಲಿ ಮಾತ್ರ ನಡೆಯುತ್ತದೆ ಎನ್ನುವುದು ಸೇರಿ. ಕನ್ನಡದ ಮೇಷ್ಟ್ರಿಗೆ ಇನ್ನೊಂದು ಕೆಲಸ ಬಿತ್ತು. ಪರೀಕ್ಷೆಗೆ ವ್ಯವಹಾರ ಪತ್ರ ಬರೆಯುವುದಿರುತ್ತದಲ್ಲ, ‘ಇಂದ’, ‘ಗೆ’, ‘ಮಾನ್ಯರೇ’ ಅಂತ? ಅದನ್ನು ಊಹೆಯ ವಿಳಾಸಕ್ಕೆ ಬರೆಯುವುದು ಬಿಟ್ಟು ನಿಜವಾದ ತಹಶೀಲ್ದಾರರಿಗೆ ಬರೆದೆವು. ಮೇಷ್ಟ್ರು ಕೆಂಪು ಇಂಕಿನಲ್ಲಿ ತಿದ್ದಿದರು. ತಿದ್ದಿದ್ದನ್ನು ಮತ್ತೆ ನೀಟಾಗಿ ಬರೆದು, ಅವರವರ ಹೆಬ್ಬೆಟ್ಟು ಒತ್ತಿಸಿ ಕೊಟ್ಟೆವು. ಐದು ಮಾರ್ಕಿನ ಪ್ರಶ್ನೆಗೆ ಉತ್ತರ ಬರಲು ಐದು ತಿಂಗಳು ಬೇಕು ಅಂತ ಮೇಷ್ಟ್ರೇ ನಗುತ್ತಿದ್ದರು.

ಸಿಸ್ಟರ್ ಮಾಡಿಸಿದ್ದಕ್ಕೆ ಒಂದು ಹೆಸರಿದೆ ಎಂದು ಗೊತ್ತಾಗಿದ್ದು ಇತ್ತೀಚೆಗೆ. ಸರ್ವಿಸ್ ಲರ್ನಿಂಗ್, ಸೇವಾ ಕಲಿಕೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹುಟ್ಟಿದ ಮಾತು. ಅದನ್ನು ಬಳಕೆಗೆ ತಂದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ಸೂತ್ರ ಬರೆದರು. ಮೊದಲನೆಯದು, ಯಾವ ಸೇವೆ ಬೇಕು ಎನ್ನುವುದು ಸೇವೆ ಪಡೆಯುವವರ ಕೈಯಲ್ಲಿರಬೇಕು. ಅವ್ವ ಮುದ್ದೆ ತಿರುವುತ್ತಾ ಹೇಳಿದ್ದು ಇದನ್ನೇ. ಬರೀ ಸೇವೆ ನಮ್ಮಲ್ಲಿ ಮೊದಲಿಂದಲೂ ಇತ್ತು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಶುರುವಾಯಿತು. ಶಾಲೆಗಳಿಗೆ 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಮೂಲಕ ಎಸ್‌ಯುಪಿಡಬ್ಲ್ಯು ಬಂತು, ಸಮಾಜಕ್ಕೆ ಉಪಯೋಗವಾಗುವ ಉತ್ಪಾದಕ ಕೆಲಸ. ನಮಗೆ ಆ ಪೀರಿಯಡ್ ಅಂದರೆ ಐಸ್‌ಕ್ರೀಂ ಕಡ್ಡಿಯ ಪೆನ್ ಸ್ಟ್ಯಾಂಡು. ಆ ಸ್ಟ್ಯಾಂಡಿನಿಂದ ಯಾವ ಸಮಾಜಕ್ಕೆ ಉಪಯೋಗವಾಯಿತೋ.

ಕ್ರೈಸ್ತ ಶಾಲೆಗಳ ಲೆಕ್ಕ ಇನ್ನೂ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ ತೆರೆಯಿತು, ಪ್ರೆಸ್ಸು ಹಾಕಿತು, ಮಗ್ಗ ಇಟ್ಟಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಮಾಡಿತು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ತಂದದ್ದಕ್ಕೇ ಅಲ್ಲವೇ ನಾವೆಲ್ಲ ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಮಾಡಿ ಶಾಲು ಹಾಕಿಸಿಕೊಳ್ಳುವುದು? ಅವರು ಬಂದದ್ದು ಧರ್ಮ ಪ್ರಚಾರಕ್ಕೆ. ಅದನ್ನು ಅವರೇ ಮುಚ್ಚಿಟ್ಟಿರಲಿಲ್ಲ, ನಾವೂ ಮುಚ್ಚಿಡಬೇಕಿಲ್ಲ. ಆಮೇಲಿನ ಕಾಲದಲ್ಲಿ ಅವರೊಳಗೇ ಬೇರೆ ಪ್ರಶ್ನೆಗಳು ಎದ್ದವು. ಜೆಸ್ವಿಟ್ ಸಂಸ್ಥೆಯ ಮುಖ್ಯಸ್ಥ ಪೆಡ್ರೊ ಅರೂಪೆ 1973ರ ಜುಲೈನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ನಿಂತು, ನ್ಯಾಯಕ್ಕಾಗಿ ಬದುಕುವಂತೆ ನಾವು ನಿಮ್ಮನ್ನು ಬೆಳೆಸಿದೆವೇ ಎಂದು ಕೇಳಿ, ಇಲ್ಲ ಎಂದು ತಾವೇ ಒಪ್ಪಿಕೊಂಡರು. ದೊಡ್ಡ ದೊಡ್ಡ ಮನೆಯ ಮಕ್ಕಳು ಓದಿದ ಶಾಲೆಗಳವು. ಕೇಳಿದವರಿಗೆ ಹೇಗಾಗಿರಬೇಕು. ನಮ್ಮ ಶಾಲೆ ಜೆಸ್ವಿಟರದ್ದಲ್ಲ. ನಮ್ಮ ಸಿಸ್ಟರ್ ಈ ಭಾಷಣ ಓದಿದ್ದರೋ ಇಲ್ಲವೋ ಕೇಳಲು ಅವರೀಗ ಇಲ್ಲ.

ಶಾಲೆಯಲ್ಲಿ ಮತಾಂತರ ಮಾಡುತ್ತಿದ್ದರಾ? ಹತ್ತು ಜನ ಕೇಳಿದ್ದಾರೆ, ಹತ್ತು ಸಲ ಒಂದೇ ಉತ್ತರ ಕೊಟ್ಟಿದ್ದೇವೆ. ಬೆಳಿಗ್ಗೆ ಪ್ರಾರ್ಥನೆ ಇತ್ತು, ಗೋಡೆ ಮೇಲೆ ಮೇರಿಯಮ್ಮನ ಫೋಟೊ ಇತ್ತು. ಕ್ರೈಸ್ತ ಮಕ್ಕಳು ಧರ್ಮೋಪದೇಶದ ಕ್ಲಾಸಿಗೆ ಹೋದರೆ ನಮಗೆ ಅದೇ ಹೊತ್ತಿಗೆ ನೀತಿ ಪಾಠ. ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟಲು ಹುಲ್ಲು ತರುತ್ತಿದ್ದವರು ನಾವೇ, ನಮ್ಮೂರ ಹುಲ್ಲು ಒಳ್ಳೆಯದು. ಆ ಮೂರು ವರ್ಷದಲ್ಲಿ ದೇವರ ವಿಚಾರವಾಗಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ನಮಗೆ ಗೊತ್ತಿರುವುದು ಇಷ್ಟು. ಇನ್ನೊಂದು ಶಾಲೆಯ ಬಗ್ಗೆ ನಾವು ಹೇಳಲು ಬರುವುದಿಲ್ಲ.

ಇನ್ನು 2022ಕ್ಕೆ ಬರೋಣ.

ಹಿಂದಿನ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧದ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತ್ತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ಆ ದಿನಗಳಲ್ಲಿ ಡೆಸ್ಕಿನಿಂದ ‘ನಿಮ್ಮ ಕಡೆ ಏನೂ ಇಲ್ವಾ?’ ಎಂಬ ಫೋನು ವಾರಕ್ಕೊಂದು ಸಲ ಬರುತ್ತಿತ್ತು. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಶನಿವಾರ, ನಮಗೆ ಪರಿಚಯದ ಒಬ್ಬರು ಫೋನ್ ಮಾಡಿದರು. ‘ನಿಮ್ಮ ಕಾನ್ವೆಂಟ್ ಮಕ್ಳು ಕಾಲೊನಿ ಮನೆಮನೆಗೆ ಹೋಗಿ ಹೆಸ್ರು, ಆಧಾರ್ ನಂಬರ್ ಬರ್ಕೊಳ್ತಾವ್ರೆ. ಯಾಕೆ ಅಂತ ಸ್ವಲ್ಪ ನೋಡಿ.’

ಬೈಕ್ ಹತ್ತಿ ಹೋದೆವು. ಅದು ನಮ್ಮ ಕಾಲೊನಿಯಲ್ಲ, ಪಕ್ಕದ ಪಂಚಾಯಿತಿಯದು. ಸಿಸ್ಟರ್ ಹಾಕಿಕೊಟ್ಟ ನಾಲ್ಕು ಕಾಲಂ ಇಪ್ಪತ್ತು ವರ್ಷದ ಮೇಲೂ ಶಾಲೆಯಲ್ಲಿ ಉಳಿದಿದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಒಂದು ಜಗುಲಿಯ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬ ಅಜ್ಜಿಯ ಮುಂದೆ ಕೂತಿದ್ದಳು. ಮಡಿಲಲ್ಲಿ ಅದೇ ನೋಟ್‌ಬುಕ್ಕು. ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮೇ ತಿಂಗಳಿಂದ ಬಂದಿರಲಿಲ್ಲ. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಆಗಬೇಕೆಂದರೆ ಹೆಸರು ಸರಿಯಿಲ್ಲ, ಪಾಸ್‌ಬುಕ್ಕಿನಲ್ಲಿ ಒಂದು ಅಕ್ಷರ, ಆಧಾರಿನಲ್ಲಿ ಒಂದು ಅಕ್ಷರ. ತಿದ್ದಿಸೋಣವೆಂದರೆ ಬೆರಳು ಹಿಡಿಯುತ್ತಿಲ್ಲ. ಶುಂಠಿ ಹೊಲ, ಆಲೂಗಡ್ಡೆ ಹೊಲದಲ್ಲಿ ನಲವತ್ತು ವರ್ಷ ಮಣ್ಣು ಕೆದಕಿದ ಬೆರಳಿನಲ್ಲಿ ಗೆರೆ ಎಲ್ಲಿರುತ್ತದೆ? ಹುಡುಗಿ ನಾಡಕಚೇರಿಯಲ್ಲಿ ಅರ್ಜಿ ಕೊಡಿಸಿ, ಸಕಾಲದ ಸ್ವೀಕೃತಿ ನಂಬರನ್ನು ಮೂರನೇ ಕಾಲಮಿನಲ್ಲಿ ಬರೆದುಕೊಂಡಿದ್ದಳು. ಪಕ್ಕದಲ್ಲಿ ಅಜ್ಜಿಯ ಆಧಾರ್ ನಂಬರನ್ನೂ ಪೂರ್ತಿ ಬರೆದುಕೊಂಡಿದ್ದಳು. ಅದು ತಪ್ಪು. ಮಕ್ಕಳ ನೋಟ್‌ಬುಕ್ಕಿನಲ್ಲಿ ಜನರ ಆಧಾರ್ ನಂಬರ್ ಓಡಾಡಬಾರದು, ಶಾಲೆ ಅದನ್ನು ಯೋಚಿಸಬೇಕಿತ್ತು.

ಹಾಗಾಗಿ ಸುದ್ದಿ ಇತ್ತು. ಬರೆದೆವು. ದೂರು ಏನು, ಶಾಲೆ ಏನು ಹೇಳುತ್ತದೆ, ತಹಶೀಲ್ದಾರರು ಏನು ಹೇಳುತ್ತಾರೆ, ನಾವು ಏನು ನೋಡಿದೆವು, ಅಜ್ಜಿಯ ಪಿಂಚಣಿ ಯಾಕೆ ನಿಂತಿದೆ. ಐದು ಪ್ಯಾರಾ. ಮರುದಿನ ಒಂದೇ ಪ್ಯಾರಾ ಬಂದಿತ್ತು, ನಾಲ್ಕು ವಾಕ್ಯ. ಮೇಲೆ ‘ಸೇವೆ ಹೆಸರಲ್ಲಿ ಮತಾಂತರ?’ ಎಂಬ ತಲೆಬರಹ. ಶಾಲೆಯ ಹೆಸರೂ ಇತ್ತು.

ಡೆಸ್ಕಿಗೆ ಫೋನ್ ಮಾಡಿ ಜೋರು ಮಾಡಿದೆವು. ‘ಜಾಗ ಇರ್ಲಿಲ್ಲ ಕಣ್ರೀ. ಪ್ರಶ್ನಾರ್ಥಕ ಚಿಹ್ನೆ ಹಾಕಿದೀವಲ್ಲ, ಆಗಿದೆ ಅಂತೇನು ಹೇಳಿಲ್ಲವಲ್ಲ’ ಎಂದರು. ಆ ಚಿಹ್ನೆ ಹಾಕಿದ್ದು ನಾವಲ್ಲ ಎಂದು ಆ ವಾರ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆವು. ಅದು ನಿಜವೂ ಹೌದು. ಆದರೆ ಆ ಒಂದು ಪ್ಯಾರಾ ನಮ್ಮದೇ. ಅದರಲ್ಲಿ ಒಂದು ಪದವನ್ನೂ ಡೆಸ್ಕು ಬದಲಿಸಿರಲಿಲ್ಲ. ತಲೆಕೆಳಗಾದ ಪಿರಮಿಡ್ಡು ನಮಗೆಲ್ಲ ಬಾಯಿಪಾಠ: ಮುಖ್ಯವಾದದ್ದು ಮೇಲೆ, ಜಾಗ ಸಾಲದಿದ್ದರೆ ಕತ್ತರಿ ಹಾಕುವುದು ಕೆಳಗಿನಿಂದ. ಅಜ್ಜಿಯಿಂದ ಶುರು ಮಾಡಿದರೆ ಡೆಸ್ಕು ತಗೊಳ್ಳುವುದಿಲ್ಲ ಎಂದು ದೂರನ್ನು ಮೇಲಿಟ್ಟಿದ್ದೆವು. ಅಜ್ಜಿಯನ್ನು ಕತ್ತರಿ ಬೀಳುವ ಜಾಗದಲ್ಲಿ ಇಟ್ಟವರು ನಾವು.

ಆಮೇಲಾದದ್ದು ಬೇಗ ಬೇಗ ಆಯಿತು. ಸೋಮವಾರ ಶಾಲೆಯ ಗೇಟಿನ ಮುಂದೆ ಹತ್ತಿಪ್ಪತ್ತು ಜನ. ಶಿಕ್ಷಣ ಇಲಾಖೆಯಿಂದ ವಿವರಣೆ ಕೇಳಿ ಪತ್ರ. ಪೋಷಕರ ಸಭೆ. ಶನಿವಾರದ ಭೇಟಿ ನಿಂತಿತು. ನೋಟ್‌ಬುಕ್ಕುಗಳೆಲ್ಲ ಆಫೀಸ್ ರೂಮಿನ ಬೀರುವಿಗೆ ಹೋದವು. ಇದಿಷ್ಟನ್ನು ನಾವೇ ಫಾಲೋಅಪ್ ಅಂತ ಬರೆದು ಕಳಿಸಿದೆವು, ಅದಕ್ಕೂ ಕಾಲಂ ಲೆಕ್ಕದಲ್ಲಿ ದುಡ್ಡು ಬಂತು.

ಕಾಲೊನಿಯಲ್ಲಿ ಆದದ್ದು ಯಾರಿಗೂ ಕಾಣಲಿಲ್ಲ. ಹೆಸರು ಬರೆಸಿಕೊಂಡವರನ್ನೆಲ್ಲ ಕ್ರೈಸ್ತರು ಅಂತ ದಾಖಲೆ ಮಾಡಿಬಿಡ್ತಾರಂತೆ, ಜಾತಿ ಸರ್ಟಿಫಿಕೇಟ್ ಹೋಗ್ತದಂತೆ ಎಂಬ ಮಾತು ಹಬ್ಬಿತು. ಪೇಟೆಯವರಿಗೆ ಇದು ಪುಕಾರು ಅನ್ನಿಸಬಹುದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಾದ ದಲಿತರಿಗೆ ಇಲ್ಲ. ಹಾಗಾಗಿ ಕಾಲೊನಿಯವರ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಮೊಮ್ಮಗನ ಸ್ಕಾಲರ್‌ಶಿಪ್ಪು, ಹಾಸ್ಟೆಲ್ ಸೀಟು ಎಲ್ಲ ಆ ಒಂದು ಸರ್ಟಿಫಿಕೇಟಿನ ಮೇಲೆ ನಿಂತಿರುವಾಗ ಯಾರು ತಾನೇ ಬಾಗಿಲು ತೆಗೆಯುತ್ತಾರೆ? ನಮ್ಮ ನಾಲ್ಕು ವಾಕ್ಯ ಓದಿದವರು ಆ ಬೀದಿಯಲ್ಲಿ ಇಬ್ಬರೋ ಮೂವರೋ. ಹೆದರಿದವರು ಮಾತ್ರ ಎಲ್ಲರೂ. ಅಜ್ಜಿಯ ಮಗ ಅವಳನ್ನು ನಾಡಕಚೇರಿಗೆ ಹೋಗದಂತೆ ತಡೆದ.

ಶಾಲೆಗೆ ಹೋದೆವು. ಈಗಿನ ಮುಖ್ಯಸ್ಥೆ ಸಿಸ್ಟರ್ ಕೂತುಕೊಳ್ಳಲು ಹೇಳಿದರು, ಟೀ ಕೇಳಲಿಲ್ಲ. ‘ನೀವು ಬರೆದದ್ದರಲ್ಲಿ ಸುಳ್ಳು ಏನೂ ಇಲ್ಲ’ ಎಂದರು. ಮತ್ತೇನೂ ಹೇಳಲಿಲ್ಲ. ಬಯ್ದಿದ್ದರೆ ಉತ್ತರ ಕೊಡಬಹುದಿತ್ತು. ಹಳೆಯ ವಿದ್ಯಾರ್ಥಿ ಅಂತ ಹೇಳಿಕೊಳ್ಳದೆ ಎದ್ದು ಬಂದೆವು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಗುರುತು ಹಿಡಿದದ್ದು ಅವಳೇ. ಓಡಿಹೋಗುತ್ತಾಳೆ ಅಂದುಕೊಂಡೆವು. ಹತ್ತಿರ ಬಂದು, ‘ಅಂಕಲ್, ಅಜ್ಜಿ ದುಡ್ಡು ಬಂತಾ?’ ಎಂದಳು.

ಗೊತ್ತಿಲ್ಲಮ್ಮ ಎಂದೆವು.

‘ಅರ್ಜಿ ಕೊಟ್ಟು ತುಂಬ ದಿನ ಆಯ್ತಲ್ಲ. ಸಕಾಲದಲ್ಲಿ ದಿನದ ಲೆಕ್ಕ ಇರುತ್ತೆ ಅಂಕಲ್. ನಂಬರ್ ಬುಕ್ಕಲ್ಲಿದೆ, ಬುಕ್ ಕೊಡ್ತಿಲ್ಲ.’ ಅಪ್ಪ ಆ ಬೀದಿಗೆ ಕಾಲಿಡಬಾರದು ಎಂದಿದ್ದರಂತೆ. ಬಸ್ ಬಂತು, ಹತ್ತಿದಳು. ಕಿಟಕಿಯಿಂದ ಮತ್ತೊಂದು ಸಲ, ‘ನೀವು ಪ್ರೆಸ್ಸಲ್ವಾ, ನಿಮಗೆ ಹೇಳ್ತಾರೆ, ಕೇಳಿ’ ಎಂದು ಕೂಗಿದಳು.

ಕೇಳಿದೆವು. ಅಜ್ಜಿಯ ಹೆಸರು, ಊರು ಹೇಳಿದರೆ ನಾಡಕಚೇರಿಯ ಆಪರೇಟರ್ ಎರಡೇ ನಿಮಿಷಕ್ಕೆ ತೆಗೆದು ತೋರಿಸಿದ. ಆಧಾರ್ ತಿದ್ದುಪಡಿಯಾಗಿಲ್ಲ ಎಂಬ ಷರಾ ಹಾಕಿ ಆಗಸ್ಟಿನಲ್ಲೇ ವಿಲೇವಾರಿ ಮಾಡಿದ್ದರು. ಅಂದರೆ ಕಂಪ್ಯೂಟರಿನ ಪ್ರಕಾರ ಕೆಲಸ ಮುಗಿದಿತ್ತು. ಇಷ್ಟು ವರ್ಷ ಆ ಕಟ್ಟೆ ಮೇಲೆ ಟೀ ಕುಡಿದು ಸುದ್ದಿ ಹೆಕ್ಕಿದ್ದೇವೆ, ಸಕಾಲದಲ್ಲಿ ಇಷ್ಟು ಅರ್ಜಿ ವಿಲೇವಾರಿ ಎಂದು ಅಂಕಿಅಂಶದ ಸುದ್ದಿ ಎಷ್ಟೋ ಸಲ ಮಾಡಿದ್ದೇವೆ. ವಿಲೇವಾರಿ ಅಂದರೆ ಹೀಗೂ ಆಗಬಹುದು ಎಂದು ಹೊಳೆದಿರಲಿಲ್ಲ.

ಅಜ್ಜಿಯ ಮಗನ ಜೊತೆ ಮಾತಾಡಲು ಎರಡು ಭಾನುವಾರ ಹಿಡಿಯಿತು. ನಾವು ಯಾರ ಮಗ ಎಂದು ಹೇಳಿದ ಮೇಲೆ, ಅವ್ವನ ತವರಿನ ನಂಟು ಎಲ್ಲಿಂದಲೋ ಹೊರಟು ಅವರ ಮನೆಗೆ ಮುಟ್ಟಿದ ಮೇಲೆ ಬಾಗಿಲು ತೆರೆಯಿತು. ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಆಧಾರ್ ಕೇಂದ್ರಕ್ಕೆ ಹೋದೆವು. ಮೊದಲ ದಿನ ಸರ್ವರ್ ಇಲ್ಲ. ಎರಡನೇ ದಿನ ಬೆರಳು ಹಿಡಿಯಲಿಲ್ಲ, ಕಣ್ಣು ತೋರಿಸೋಣವೆಂದರೆ ಒಂದು ಕಣ್ಣಿಗೆ ಪೊರೆ. ಮೂರನೇ ದಿನ ಬೆಚ್ಚನೆ ನೀರಿನಲ್ಲಿ ಕೈ ತೊಳೆಸಿ, ಒರೆಸಿ, ಒಂದೊಂದೇ ಬೆರಳು ಒತ್ತಿಸಿದಾಗ ಎಡಗೈಯ ಎರಡು ಬೆರಳು ಹಿಡಿದವು. ಅಜ್ಜಿ ಆ ಎರಡು ಬೆರಳನ್ನು ಎತ್ತಿ ನೋಡಿಕೊಂಡು, ‘ಇವ್ ಎರಡ್ರಲ್ಲಿ ನಾನವ್ನಿ ಅಂತಾಯ್ತು’ ಎಂದಳು. ಅಲ್ಲಿಂದ ಬ್ಯಾಂಕು, ಬ್ಯಾಂಕಿನಿಂದ ಮತ್ತೆ ನಾಡಕಚೇರಿ. ಡಿಸೆಂಬರಿನಲ್ಲಿ ದುಡ್ಡು ಬಿತ್ತು. ಮೇ ತಿಂಗಳಿಂದ ನವೆಂಬರಿನವರೆಗಿನ ಏಳು ತಿಂಗಳ ಬಾಕಿ ಬರಲಿಲ್ಲ.

ಇದನ್ನು ಸುದ್ದಿ ಮಾಡಲಿಲ್ಲ. ಮಾಡಿದ್ದರೆ ‘ಪತ್ರಿಕೆ ವರದಿ ಫಲಶ್ರುತಿ’ ಎಂದು ಬಾಕ್ಸ್ ಹಾಕುತ್ತಿದ್ದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಶಾಲೆ 2023ರ ಜೂನಿನಲ್ಲಿ ಶನಿವಾರದ ಭೇಟಿ ಮತ್ತೆ ಶುರು ಮಾಡಿತು. ಪಂಚಾಯಿತಿಯಿಂದ ಲಿಖಿತ ಅನುಮತಿ, ಪ್ರತಿ ತಂಡದ ಜೊತೆ ಒಬ್ಬ ಪೋಷಕರು, ಜೊತೆಗೆ ಊರಿನ ಆಶಾ ಅಥವಾ ಅಂಗನವಾಡಿಯವರು. ಆಧಾರ್ ನಂಬರ್ ಬರೆಯುವಂತಿಲ್ಲ, ಸ್ವೀಕೃತಿ ನಂಬರ್ ಮಾತ್ರ. ಇದು ಮೊದಲಿಗಿಂತ ಒಳ್ಳೆಯ ಏರ್ಪಾಡು ಎನ್ನುವುದನ್ನು ಒಪ್ಪಬೇಕು, ಬಂದ ದಾರಿ ಮಾತ್ರ ಒಳ್ಳೆಯದಲ್ಲ. ಮೊದಲಿನಷ್ಟು ಮಕ್ಕಳು ಬರುವುದಿಲ್ಲ. ಕೆಲವು ಅಪ್ಪಂದಿರು ಇನ್ನೂ ಬೇಡ ಅನ್ನುತ್ತಾರೆ. ಕೆಲವು ಮನೆಗಳ ಬಾಗಿಲೂ ಮೊದಲಿನಂತೆ ತೆರೆಯುವುದಿಲ್ಲ.

ಕಳೆದ ವರ್ಷದಿಂದ ತಿಂಗಳಿಗೊಂದು ಶನಿವಾರ ಒಂಬತ್ತನೇ ಕ್ಲಾಸಿಗೆ ಅರ್ಜಿ ಬರೆಯುವುದು ಹೇಳಿಕೊಡಲು ನಾವು ಹೋಗುತ್ತಿದ್ದೇವೆ. ನಾವೇ ಕೇಳಿಕೊಂಡು ಹೋದದ್ದು. ಸಿಸ್ಟರ್ ಒಂದೇ ಷರತ್ತು ಹಾಕಿದರು, ಫೋಟೊ ತೆಗೆಯಬಾರದು. ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಅವಳ ನೋಟ್‌ಬುಕ್ಕು ಕಿರಿಯರ ಕೈಗೆ ಬಂದಿದೆ. ಅಜ್ಜಿಯ ಪುಟದಲ್ಲಿ ಆಧಾರ್ ನಂಬರಿನ ಮೇಲೆ ದಪ್ಪಗೆ ಮಸಿ ಬಳಿದಿದ್ದಾರೆ. ನಾಲ್ಕನೇ ಕಾಲಮಿನಲ್ಲಿ ಅವಳ ಅಕ್ಷರದಲ್ಲಿ ‘ಡಿಸೆಂಬರ್‌ನಿಂದ ಬರುತ್ತಿದೆ, ಏಳು ತಿಂಗಳು ಬಾಕಿ’ ಎಂದಿದೆ.

ಹೋದ ಶನಿವಾರ ಇಬ್ಬರು ಹುಡುಗರು ಆ ಏಳು ತಿಂಗಳ ಬಾಕಿಗೆ ಅರ್ಜಿ ಬರೆದು ತಂದು ತೋರಿಸಿದರು. ‘ಇಂದ’ ಸರಿಯಿತ್ತು. ‘ಗೆ’ ಎಂಬಲ್ಲಿ ಜಿಲ್ಲಾಧಿಕಾರಿಯ ಹೆಸರು ಹಾಕಿದ್ದರು. ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಆಗದಿದ್ದರೆ ಆಮೇಲೆ ಮೇಲಕ್ಕೆ ಹೋಗೋಣ ಎಂದು ತಿದ್ದಿಕೊಟ್ಟೆವು. ಕೆಂಪು ಪೆನ್ನು ಇರಲಿಲ್ಲ, ನೀಲಿಯಲ್ಲೇ ತಿದ್ದಿದೆವು. ಸೋಮವಾರ ಸರ್ಕಾರಿ ರಜೆ. ಮಂಗಳವಾರ ಹನ್ನೊಂದಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗಬೇಕು.